ನಾನು ಓದದೆ ಬಿಟ್ಟ ಮೊದಲ ಸಾಲು

ಬಿಕ್ಕೋಡಿನಲ್ಲಿ ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ‘ಸಂಘ ಕಟ್ಟುವುದು ಹೇಗೆ’ ಎಂಬ ಪಾಠ ತೆಗೆದುಕೊಂಡಿದ್ದೆ. ಅಂತರ್ಜಾಲದಲ್ಲಿ ಸಿಕ್ಕ ಮಾದರಿ ಬೈಲಾ ನೋಡಿಕೊಂಡು, ಕನಿಷ್ಠ 7 ಸದಸ್ಯರು ಬೇಕು, ನೋಂದಣಿ ಕಡ್ಡಾಯ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಮೇಡಂ, ನಮ್ಮಮ್ಮನ ಸಂಘ ಎಲ್ಲೂ ನೋಂದಣಿ ಆಗಿಲ್ಲ. ಆದ್ರೂ ಬ್ಯಾಂಕ್‌ನವರು ಸಾಲ ಕೊಟ್ಟಿದ್ದಾರಲ್ಲ?”

ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ರಾತ್ರಿ ಅದೇ ಬೈಲಾ ತೆರೆದರೆ ಮೊದಲ ಸಾಲಿನಲ್ಲೇ ಇತ್ತು: 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ. ಆ ಕಾಯ್ದೆಯಡಿ ನೋಂದಾಯಿಸುವ ಯುವಕ ಸಂಘ, ಕಲಾ ಸಂಘಗಳಿಗೆ ಅದು ಸರಿ. ಸ್ವಸಹಾಯ ಸಂಘದ ದಾರಿ ಬೇರೆ. ಸಾಮಾನ್ಯವಾಗಿ 10ರಿಂದ 20 ಮಂದಿ, ನೋಂದಣಿ ಕಡ್ಡಾಯವಲ್ಲ. 1992ರಲ್ಲಿ ನಬಾರ್ಡ್ ಆರಂಭಿಸಿದ ಬ್ಯಾಂಕ್ ಜೋಡಣೆಯಲ್ಲಿ ಮುಖ್ಯವಾಗುವುದು ಕ್ರಮವಾದ ಸಭೆ, ಉಳಿತಾಯ, ಮರುಪಾವತಿ, ಲೆಕ್ಕದ ಪುಸ್ತಕ.

ಮರುದಿನ ಹಲಗೆಯಲ್ಲಿ ಎರಡು ಕಲಂ ಎಳೆದು, ಮೊದಲನೆಯದರಲ್ಲಿ ನನ್ನ ತಪ್ಪನ್ನೇ ಬರೆದೆ. ಎರಡನೆಯದನ್ನು ಮಕ್ಕಳು ಮನೆಯಲ್ಲಿ ಕಂಡದ್ದರಿಂದ ತುಂಬಿದರು: ಸಭೆ ಯಾವ ವಾರ, ಪುಸ್ತಕ ಬರೆಯುವವರು ಯಾರು. ಎರಡನೇ ಪ್ರಶ್ನೆಗೇ ಮಾತು ಹೆಚ್ಚು. ಕಾಫಿ ಕೊಯ್ಲಿನ ದಿನಗಳಲ್ಲಿ ಬರೆಯುವವರು ಸಿಗದೆ ಪುಟಗಳು ಖಾಲಿ ಉಳಿಯುತ್ತವಂತೆ.

ಮೂರನೇ ಅವಧಿಗೆ ಯೋಜಿಸಿದ್ದ ಚಾರ್ಟ್ ಬಿಟ್ಟು, ನಡಾವಳಿ ಬರೆಯುವ ಅಭ್ಯಾಸ ಮಾಡಿಸಿದೆ.