ಭಯ ಬಂದಾಗ ಬೆರಳಿಗೊಂದು ಕೆಲಸ

ಚಿರಂಜೀವಿ ಮಗಳೇ,

ಪುಣೆಯ ಸಿವಿಲ್ ಕೋರ್ಟ್ ಮೆಟ್ರೊ ನಿಲ್ದಾಣದ ಎಸ್ಕಲೇಟರಿನಲ್ಲಿ ಇಳಿಯುವಾಗ ಎದೆ ಹೊಡೆದುಕೊಂಡು, ಬೆರಳು ಜುಮುಗುಟ್ಟಿ, ಈಗಲೇ ಸತ್ತುಹೋಗುತ್ತೇನೆ ಅನ್ನಿಸಿತು ಎಂದು ಬರೆದಿದ್ದೀಯ. ಪಿ.ಜಿ.ಯ ಗೆಳತಿ ಹೇಳಿಕೊಟ್ಟಂತೆ ಮುಖ, ಎದೆಯ ಮೇಲೆ ಬೆರಳಿನಿಂದ ತಟ್ಟಿಕೊಂಡಾಗ ಹಗುರವಾಯಿತು, ಇದು ನಿಜವೋ ಬರೀ ನಂಬಿಕೆಯೋ ಎಂದೂ ಕೇಳಿದ್ದೀಯ. ನಿನ್ನಂತೆ ಊರು ಬಿಟ್ಟು ಹಿಂಜವಡಿ, ಖರಾಡಿಗಳಿಗೆ ಕೆಲಸಕ್ಕೆ ಬಂದ ಮಕ್ಕಳು ಅನೇಕರಿದ್ದಾರೆ. ಅವರೂ ಓದಲೆಂದು ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಆ ನಿಲ್ದಾಣ ನೆಲದಿಂದ ಸುಮಾರು 33 ಮೀಟರ್ ಆಳದಲ್ಲಿದೆ. ಅಲ್ಲಿ ದಿಗಿಲಾದದ್ದಕ್ಕೆ ನಾಚಿಕೆಪಡಬೇಡ. ಅಪಾಯ ಇಲ್ಲದಿದ್ದರೂ ಇದೆ ಎಂದು ಮೆದುಳು ತಿಳಿದರೆ ಸಾಕು, ಮೈಯಲ್ಲಿ ಅಡ್ರಿನಲಿನ್ ಹರಿದು ಹೃದಯ ಓಡತೊಡಗುತ್ತದೆ. ಗಾಳಿ ಸಾಲದೆಂದು ನೀನು ಬೇಗ ಬೇಗ ಉಸಿರೆಳೆಯುತ್ತೀಯ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ತುಟಿ-ಬೆರಳು ಜುಮುಗುಡುತ್ತವೆ. ಅದನ್ನೇ ಸಾವಿನ ಗುರುತೆಂದುಕೊಂಡು ಇನ್ನಷ್ಟು ಹೆದರುತ್ತೀಯ. ಆದರೆ ಈ ಭಯ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗಿಯೇ ಇಳಿಯತೊಡಗುತ್ತದೆ. ಅಷ್ಟು ಹೊತ್ತು ತಡೆದುಕೊಳ್ಳುವುದೇ ನಿನ್ನ ಕೆಲಸ, ತಟ್ಟುವುದು ಒದಗುವುದು ಅಲ್ಲಿ.

ಮೊದಲು ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡು. ಒಂದು ಅಂಗೈಯ ಕಿರುಬೆರಳ ಕಡೆಯ ಅಂಚನ್ನು ಇನ್ನೊಂದು ಕೈಯಿಂದ ತಟ್ಟುತ್ತಾ, “ನನಗೆ ಭಯವಾಗುತ್ತಿದೆ, ಆದರೂ ನನ್ನನ್ನು ನಾನು ಬಿಟ್ಟುಕೊಡುವುದಿಲ್ಲ” ಎಂದೋ, ನಿನಗೆ ತೋಚಿದ ಮಾತಿನಲ್ಲೋ ಹೇಳಿಕೋ. ನೀನು ಮನೆಯಲ್ಲಿ ಆಡುವ ಕನ್ನಡದಲ್ಲೇ ಹೇಳು. ಆಮೇಲೆ ಹುಬ್ಬಿನ ಒಳತುದಿ, ಕಣ್ಣಿನ ಪಕ್ಕದ ಎಲುಬು, ಕಣ್ಣ ಕೆಳಗೆ, ಮೂಗಿನ ಕೆಳಗೆ, ಕೆಳತುಟಿಗೂ ಗದ್ದಕ್ಕೂ ನಡುವಿನ ತಗ್ಗು, ಕೊರಳೆಲುಬಿನ ಕೆಳಗೆ, ಕಂಕುಳಿಂದ ನಾಲ್ಕು ಬೆರಳು ಕೆಳಗೆ, ಕೊನೆಗೆ ನೆತ್ತಿ. ಒಂದೊಂದು ಕಡೆ ಏಳೆಂಟು ಸಲ, ಮೆಲ್ಲಗೆ. ಉಸಿರು ಎಳೆಯುವುದಕ್ಕಿಂತ ಬಿಡುವುದು ನಿಧಾನವಾಗಿರಲಿ. ಮತ್ತೆ ಅಂಕ ಕೊಡು. ಒಂಬತ್ತಿದ್ದದ್ದು ಆರಾದರೆ ಸಾಕು, ಸೊನ್ನೆಯೇ ಆಗಲೆಂದು ಹಟ ಬೇಡ. ಭಯವಿಲ್ಲದ ದಿನಗಳಲ್ಲೂ ಮಲಗುವ ಮುನ್ನ ರೂಢಿ ಮಾಡಿಕೋ, ಇಲ್ಲದಿದ್ದರೆ ಬೇಕಾದಾಗ ನೆನಪಾಗುವುದಿಲ್ಲ.

ಜನರೆದುರು ಸಂಕೋಚವಾದರೆ ತೋಳುಗಳನ್ನು ಎದೆಯ ಮೇಲೆ ಅಡ್ಡವಿಟ್ಟು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಟ್ಟಿಕೋ. ‘ಚಿಟ್ಟೆಯ ಅಪ್ಪುಗೆ’ ಎಂದು ಕರೆಯುವ ಈ ಕ್ರಮ ಹುಟ್ಟಿದ್ದು ಮೆಕ್ಸಿಕೊದಲ್ಲಿ. 1997ರ ಪಾಲಿನ್ ಚಂಡಮಾರುತದಿಂದ ತತ್ತರಿಸಿದ ಅಕಾಪುಲ್ಕೊದ ಜನರ ನಡುವೆ ಕೆಲಸ ಮಾಡುತ್ತಿದ್ದ ಲೂಸಿನಾ ಆರ್ಟಿಗಾಸ್ ಇದನ್ನು ರೂಪಿಸಿದರು. ದುಪಟ್ಟಾದೊಳಗೆ ಮಾಡಿದರೆ ಯಾರಿಗೂ ತಿಳಿಯದು.

ಈಗ ನಿನ್ನ ಪ್ರಶ್ನೆ: ತಟ್ಟುವುದು ನಿಜವೋ, ಬರೀ ನಂಬಿಕೆಯೋ? ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಕ್ಯಾಲಹನ್ 1980ರ ದಶಕದಲ್ಲಿ ಶುರುಮಾಡಿದ ತಟ್ಟುವ ಕ್ರಮವನ್ನು ಗ್ಯಾರಿ ಕ್ರೇಗ್ 90ರ ದಶಕದಲ್ಲಿ ಸರಳಗೊಳಿಸಿದರು. ಚೀನೀ ವೈದ್ಯಪದ್ಧತಿ ಹೇಳುವ ಶಕ್ತಿನಾಡಿಗಳ ತೊಡಕು ತಟ್ಟುವುದರಿಂದ ಬಿಡುತ್ತದೆ ಎಂಬುದು ಅವರ ವಿವರಣೆ. ನಾನದನ್ನು ಒಪ್ಪುವುದಿಲ್ಲ. 2003ರಲ್ಲಿ ಕೆನಡಾದ ವೇಟ್ ಮತ್ತು ಹೋಲ್ಡರ್ 119 ವಿದ್ಯಾರ್ಥಿಗಳೊಡನೆ ಪ್ರಯೋಗ ನಡೆಸಿದರು. ಹೇಳಿದ ಜಾಗದಲ್ಲಿ ತಟ್ಟಿಕೊಂಡವರಿಗೂ, ಬೇರೆಲ್ಲೋ ತಟ್ಟಿಕೊಂಡವರಿಗೂ, ಗೊಂಬೆಯನ್ನು ತಟ್ಟಿದವರಿಗೂ ಭಯ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ನನಗಿದು ಒಳ್ಳೆಯ ಸುದ್ದಿಯೇ. ನಡುವೆ ಒಂದು ಜಾಗ ಮರೆತರೂ ನಷ್ಟವಿಲ್ಲ, ಗುಟ್ಟಿನ ಬಿಂದುಗಳನ್ನು ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರ ಬಳಿ ನೀನು ಹೋಗಬೇಕಿಲ್ಲ. ಕೈಗೊಂದು ಕೆಲಸ ಸಿಗುತ್ತದೆ, ಗಮನ ಚರ್ಮಕ್ಕೆ ಮರಳುತ್ತದೆ, ಭಯವನ್ನು ಬಾಯಿಬಿಟ್ಟು ಹೇಳುತ್ತೀಯ. ಗುಣ ಇರುವುದು ಇವುಗಳಲ್ಲೇ ಎಂದು ನಾನು ನಂಬುತ್ತೇನೆ.

ದೇಹದ ಬಾಗಿಲಿನಿಂದ ಮನಸ್ಸನ್ನು ಹೊಗುವುದು ಪುಣೆಗೆ ಹೊಸದೂ ಅಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಯೋಗ ಕಲಿಸಲು ಇಲ್ಲಿಗೆ ಬಂದಾಗ ಹದಿನೆಂಟರ ಹುಡುಗ. ಬಾಲ್ಯದ ಕಾಯಿಲೆಗಳಿಂದ ಸೊರಗಿದ ಮೈ, ಬಾರದ ಮರಾಠಿ. 1975ರಲ್ಲಿ ಅವರು ಶಿವಾಜಿನಗರದಲ್ಲಿ ತೆರೆದ ಸಂಸ್ಥೆಗೆ ಇಂದು ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೆ. ಪರವೂರಿನಲ್ಲಿ ಒಂಟಿ ಅನ್ನಿಸಿದಾಗ ಆ ಹುಡುಗನನ್ನು ನೆನೆದುಕೋ.

ತಟ್ಟುವುದನ್ನು ಮಾತ್ರ ತಾಯಿತ ಮಾಡಿಕೊಳ್ಳಬೇಡ. ಅಂದಿನಿಂದ ಮೆಟ್ರೊ ಬಿಟ್ಟು ರಿಕ್ಷಾ ಹಿಡಿಯುತ್ತಿದ್ದೀಯಲ್ಲ, ನನಗೆ ಹೆಚ್ಚಿನ ಚಿಂತೆ ಅದರದ್ದೇ. ತಪ್ಪಿಸಿಕೊಂಡಷ್ಟೂ ಅಲ್ಲಿ ಅಪಾಯವಿದ್ದದ್ದು ನಿಜವೆಂದು ಮೆದುಳು ಕಲಿಯುತ್ತದೆ. ರಜೆಯ ಮಧ್ಯಾಹ್ನ ಗೆಳತಿಯೊಡನೆ ಎಸ್ಕಲೇಟರಿನವರೆಗೆ ಹೋಗಿ ಬಾ. ಇನ್ನೊಂದು ದಿನ ಪ್ಲಾಟ್‌ಫಾರ್ಮಿನವರೆಗೆ. ಆಮೇಲೆ ಕಸಬಾ ಪೇಠೆಗೆ, ಒಂದೇ ನಿಲ್ದಾಣ. ಭಯ ಬರಲಿ, ತಟ್ಟಿಕೊಳ್ಳುತ್ತಾ ನಿಂತಲ್ಲೇ ನಿಲ್ಲು, ಅದು ಇಳಿದ ಮೇಲೆ ಹೊರಡು.

ಇಷ್ಟೆಲ್ಲ ಹೇಳಿದರೂ ಎದೆಯ ತೊಂದರೆಯನ್ನು ಬರೀ ಗಾಬರಿ ಎಂದು ನೀನೇ ತೀರ್ಮಾನಿಸಕೂಡದು. ಇ.ಸಿ.ಜಿ. ಬೇಕು, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಬೇಕು. ಮತ್ತೆ ಮತ್ತೆ ಬಂದರೆ ಮನೋವೈದ್ಯರ ಬಳಿ ಹೋಗು. ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆಗೂ ಕೆಲವು ಮಾತ್ರೆಗಳಿಗೂ ತಟ್ಟುವುದಕ್ಕಿಂತ ಎಷ್ಟೋ ಗಟ್ಟಿಯಾದ ಪುರಾವೆಯಿದೆ. ರಾತ್ರಿ ತಡೆಯಲಾರದಷ್ಟಾದರೆ 14416ಕ್ಕೆ ಫೋನ್ ಮಾಡು. 2022ರಿಂದ ಸರ್ಕಾರ ನಡೆಸುತ್ತಿರುವ ಟೆಲಿ-ಮಾನಸ್ ಅದು, ದಿನವಿಡೀ ಇರುತ್ತದೆ, ದುಡ್ಡು ಬೇಡ. ಮದುವೆಯ ಮಾತು ನಡೆದಿರುವಾಗ ಮನೋವೈದ್ಯರ ಚೀಟಿಯೇ ಎಂದು ನಿಮ್ಮಮ್ಮ ಅಳುಕಿಯಾಳು, ಅವಳೊಡನೆ ನಾನು ಮಾತಾಡುತ್ತೇನೆ. ನೀನು ಈ ಶನಿವಾರ ಪರೀಕ್ಷೆಗಳನ್ನು ಮುಗಿಸಿ, ರಿಪೋರ್ಟ್ ಕೈಗೆ ಬಂದ ಕೂಡಲೇ ತಿಳಿಸು.

ಇಂತಿ ನಿನ್ನ,
ದೊಡ್ಡಮ್ಮ
ಪುಣೆ