ಕೈಗಡಿಯಾರದ ಪಟ್ಟಿಯೂ ಅದನ್ನು ಹಿಡಿದಿಡುವ ಕಡ್ಡಿಯೂ

ಯಂತ್ರವೊಂದರ ಬೆಲೆಯನ್ನು ನಾವು ಸಾಮಾನ್ಯವಾಗಿ ಅದರ ದೊಡ್ಡ ಭಾಗಗಳಿಂದ ಅಳೆಯುತ್ತೇವೆ. ಆದರೆ ಅದರ ಉಳಿವು ಅನೇಕ ವೇಳೆ ಅತ್ಯಂತ ಚಿಕ್ಕ ಭಾಗವನ್ನು ಅವಲಂಬಿಸಿರುತ್ತದೆ. ಕೈಗಡಿಯಾರವೇ ಇದಕ್ಕೆ ಒಳ್ಳೆಯ ನಿದರ್ಶನ. ಗಡಿಯಾರವನ್ನು ಪಟ್ಟಿಗೆ ಸೇರಿಸುವ ಎರಡು ಸಣ್ಣ ಕಡ್ಡಿಗಳ ಬೆಲೆ ಕೆಲವೇ ರೂಪಾಯಿ. ಅವುಗಳಲ್ಲಿ ಒಂದು ಜಾರಿದರೂ ಗಡಿಯಾರ ನೆಲಕ್ಕೆ, ಬಾವಿಗೆ ಅಥವಾ ಬಸ್ಸಿನ ಜನಜಂಗುಳಿಗೆ ಬೀಳುವುದು ನಿಶ್ಚಯ. ರಿಪೇರಿ ಅಂಗಡಿಗಳಲ್ಲಿ ಸ್ಪ್ರಿಂಗ್ ಬಾರ್ ಅಥವಾ ಬರಿಯ ಪಿನ್ ಎಂದು ಕರೆಯಲಾಗುವ ಈ ಕಡ್ಡಿಯನ್ನು ಪಟ್ಟಿಗೆ ತಕ್ಕಂತೆ ಆರಿಸುವ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿಗೂ ಕೈಗಡಿಯಾರಕ್ಕೂ ಇರುವ ನಂಟು ದೊಡ್ಡದು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ತಲೆಯೆತ್ತಿತು. ನಗರಗೆರೆ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯ ಮನೆಗಳಲ್ಲಿಯೂ ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಬಂದ ಜನತಾ, ಪೈಲಟ್, ಕೋಹಿನೂರ್ ಗಡಿಯಾರಗಳು ಇರಬಹುದು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆಯಿತ್ತಿತು. ಆದುದರಿಂದ ಹಿರಿಯರಿಂದ ಬಂದ ಇಂಥ ಗಡಿಯಾರ ಕಳೆದುಹೋದರೆ ಅಥವಾ ಅದರ ಕವಚ ಕೆಟ್ಟರೆ ಅದೇ ವಸ್ತುವನ್ನು ಮತ್ತೆ ಪಡೆಯುವುದು ಸುಲಭವಲ್ಲ.

ರಚನೆ

ಮೊದಲನೆಯ ಮಹಾಯುದ್ಧದ ಕಾಲದ ಅನೇಕ ಕೈಗಡಿಯಾರಗಳಲ್ಲಿ ಪಟ್ಟಿ ಹಾಯಿಸುವ ತಂತಿಯನ್ನು ಕವಚಕ್ಕೇ ಬೆಸೆದಿರುತ್ತಿದ್ದರು. ತಂತಿ ಸವೆದರೆ ಬೆಸುಗೆ ಹಾಕಿಸದೆ ಗತ್ಯಂತರವಿರಲಿಲ್ಲ. ಸ್ಪ್ರಿಂಗ್ ಕಡ್ಡಿ ಈ ತೊಡಕನ್ನು ನಿವಾರಿಸಿತು. ಇದು ಒಂದು ಸಣ್ಣ ಟೊಳ್ಳು ಕೊಳವೆ. ಅದರೊಳಗೆ ಸುರುಳಿ ಸ್ಪ್ರಿಂಗೂ ತುದಿಗಳಲ್ಲಿ ಒತ್ತಿದರೆ ಒಳಸರಿಯುವ ಮೊಳೆಗಳೂ ಇರುತ್ತವೆ. ಕವಚದಿಂದ ಚಾಚಿಕೊಂಡಿರುವ ಕೊಂಬುಗಳ ಒಳಮೈಯ ರಂಧ್ರಗಳಲ್ಲಿ ಈ ಮೊಳೆಗಳು ಕುಳಿತುಕೊಳ್ಳುತ್ತವೆ. ತುದಿಯ ಬಳಿಯ ಉಬ್ಬು ಬಳೆಯನ್ನು ಕವಲು ಬಾಯಿಯ ಉಪಕರಣದಿಂದ ಹಿಂದಕ್ಕೆಳೆದರೆ ಕಡ್ಡಿ ಕಳಚುತ್ತದೆ.

ಮೂರು ಅಳತೆಗಳು

ಒಂದನೆಯದು ಉದ್ದ. ಎರಡು ಕೊಂಬುಗಳ ನಡುವಣ ಅಂತರವೇ ಕಡ್ಡಿಯ ಅಳತೆ. ಎಚ್.ಎಂ.ಟಿ.ಯ ಜನತಾ, ಪೈಲಟ್ ಮೊದಲಾದ ಗಡಿಯಾರಗಳಲ್ಲಿ ಇದು ಸಾಮಾನ್ಯವಾಗಿ 18 ಮಿ.ಮೀ. ಆದರೂ ಅಳೆಯದೆ ಕೊಳ್ಳಬಾರದು. ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ 0.1 ಮಿ.ಮೀ.ವರೆಗೆ ಅಳೆಯುವುದರಿಂದ ಈ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. 20 ಮಿ.ಮೀ. ಅಂತರಕ್ಕೆ 18ರ ಕಡ್ಡಿ ಹಾಕಿದರೆ ಮೊಳೆಗಳು ರಂಧ್ರದ ಅಂಚನ್ನಷ್ಟೇ ಹಿಡಿದು, ಕೈ ಬೀಸಿದಾಗ ಜಾರುತ್ತವೆ. 18ರ ಅಂತರಕ್ಕೆ 20ರ ಕಡ್ಡಿಯನ್ನು ತುರುಕಿದರೆ ಕಡ್ಡಿ ಬಾಗುವುದು, ಇಲ್ಲವೆ ಕೊಂಬಿಗೆ ಗೀರು ಬೀಳುವುದು.

ಎರಡನೆಯದು ದಪ್ಪ. ಸಾಮಾನ್ಯ ಚರ್ಮದ ಪಟ್ಟಿಗೆ 1.5 ಮಿ.ಮೀ., ಭಾರವಾದ ಗಡಿಯಾರಕ್ಕೆ 1.8 ಮಿ.ಮೀ. ಅಥವಾ ಅದಕ್ಕೂ ದಪ್ಪನಾದುದು ತಕ್ಕುದು. ಘನ ಸರಳೊಂದರ ಬಾಗುವಿಕೆಯನ್ನು ತಡೆಯುವ ಬಲ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ಈ ಲೆಕ್ಕದಲ್ಲಿ 1.8 ಮಿ.ಮೀ. ಸರಳು 1.5ರದಕ್ಕಿಂತ ಸುಮಾರು 1.7 ಪಟ್ಟು ಬಲಿಷ್ಠ. ಕಡ್ಡಿ ಟೊಳ್ಳಾದುದರಿಂದ ಅಂಕಿ ಹಾಗೆಯೇ ಅನ್ವಯಿಸದಿದ್ದರೂ ತತ್ತ್ವ ಅದೇ. ಗಣಿತದ ತರಗತಿಯಲ್ಲಿ ಹುಡುಗರ ಮುಂದಿಡಬಹುದಾದ ಲೆಕ್ಕವಿದು.

ಮೂರನೆಯದು ಮೊಳೆಯ ದಪ್ಪ. ಇದನ್ನು ಗಮನಿಸುವವರು ವಿರಳ. ಅಗಲವಾದ ರಂಧ್ರದಲ್ಲಿ ತೆಳು ಮೊಳೆಯಿದ್ದರೆ ಅದು ನಿತ್ಯವೂ ಅಲುಗಾಡಿ, ರಂಧ್ರ ಕ್ರಮೇಣ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಹಿತ್ತಾಳೆಗೆ ಲೋಹಲೇಪ ಮಾಡಿದ ಹಳೆಯ ಕವಚಗಳಲ್ಲಿ ಈ ಅಪಾಯ ಹೆಚ್ಚು. ಕಡ್ಡಿ ಕೆಟ್ಟರೆ ಬದಲಿಸಬಹುದು. ಕವಚ ಸವೆದರೆ ದುರಸ್ತಿ ಕಷ್ಟ.

ಪಟ್ಟಿಗೆ ತಕ್ಕ ಕಡ್ಡಿ

ಚರ್ಮ ಹಾಗೂ ರೆಕ್ಸಿನ್ ಪಟ್ಟಿಗಳಿಗೆ ತುದಿಗಳಲ್ಲಿ ಜೋಡಿ ಬಳೆಗಳಿರುವ ನೇರ ಕಡ್ಡಿಯೇ ಸೂಕ್ತ. ಉಪಕರಣಕ್ಕೆ ಹಿಡಿತ ಸುಲಭವಾಗಿ ಸಿಗುತ್ತದೆ. ಪಟ್ಟಿ ದಪ್ಪನಾಗಿ ಕವಚಕ್ಕೆ ತಾಗುತ್ತಿದ್ದರೆ ತುಸು ಬಾಗಿದ ಕಡ್ಡಿಯನ್ನು ಬಳಸಬೇಕು. ನೇರ ಕಡ್ಡಿಯನ್ನು ಕೈಯಿಂದ ಬಗ್ಗಿಸುವುದು ತರವಲ್ಲ, ಒಳಗಿನ ಮೊಳೆ ಸಿಕ್ಕಿಕೊಳ್ಳುತ್ತದೆ.

ಉಕ್ಕಿನ ಚೈನಿಗೆ ಅದರ ಕೊನೆಯ ತುಂಡಿನ ರಂಧ್ರವನ್ನು ತುಂಬುವಷ್ಟು ದಪ್ಪನಾದ ಕಡ್ಡಿ ಬೇಕು. ಸಡಿಲವಾದರೆ ಚೈನಿನ ಭಾರವೇ ಅದನ್ನು ಸವೆಸುತ್ತದೆ. ಕೊಂಬಿನ ಹೊರಮೈವರೆಗೂ ರಂಧ್ರವಿರುವ ಕವಚಗಳಿಗೆ ಬಳೆಯಿಲ್ಲದ ಕಡ್ಡಿಯನ್ನೂ ಹಾಕಬಹುದು. ಸೂಜಿಯಂಥ ಮೊನೆಯಿಂದ ಹೊರಗಿನಿಂದಲೇ ಒತ್ತಿ ತೆಗೆಯಬಹುದು.

ಗಡಿಯಾರದ ಬೆನ್ನಿನಡಿ ಹಾಯುವ ಒಂದೇ ಉದ್ದದ ನೈಲಾನ್ ಪಟ್ಟಿಯ ಗುಣ ವಿಶೇಷವಾದುದು. ಒಂದು ಕಡ್ಡಿ ಕಳಚಿದರೂ ಮತ್ತೊಂದು ಗಡಿಯಾರವನ್ನು ಹಿಡಿದಿರುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯಂಥ ಬಿಸಿನೀರಿನ ಕೆಲಸದಲ್ಲಿ, ಕೆಸರಿನ ಬೇಸಾಯದಲ್ಲಿ ಚರ್ಮ ಬೇಗ ಹಾಳಾಗುವುದರಿಂದ, ತುಕ್ಕು ಹಿಡಿಯದ ಉಕ್ಕಿನ ಕಡ್ಡಿಯೊಡನೆ ಈ ಪಟ್ಟಿ ಲೇಸು. ಆದರೆ ನೀರು ಹೊಗದಂತೆ ಮಾಡದ ಗಡಿಯಾರವನ್ನು ಯಾವ ಪಟ್ಟಿಯೂ ಕಾಪಾಡಲಾರದು.

ಈಚೆಗೆ ಸಣ್ಣ ಗುಂಡಿಯನ್ನು ಉಗುರಿನಿಂದ ಸರಿಸಿ ಕಳಚುವ ಕಡ್ಡಿಗಳೂ ಬಂದಿವೆ. ಪಟ್ಟಿಯನ್ನು ಪದೇ ಪದೇ ಬದಲಿಸುವವರಿಗೆ ಅವು ಅನುಕೂಲ. ಭಾರವಾದ ಗಡಿಯಾರಕ್ಕೆ ಮಾತ್ರ ಸಾಮಾನ್ಯವಾದ ದಪ್ಪ ಕಡ್ಡಿಯೇ ವಾಸಿ. ಮುಳುಗುಗಾರರ ಗಡಿಯಾರಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐ.ಎಸ್.ಓ. 6425ರ ಪ್ರಕಾರ ಪಟ್ಟಿಯ ಜೋಡಣೆ 200 ನ್ಯೂಟನ್, ಎಂದರೆ ಸುಮಾರು 20 ಕಿಲೋಗ್ರಾಂ ತೂಕದಷ್ಟು, ಸೆಳೆತವನ್ನು ತಡೆಯಬೇಕು. ಈ ಪುಟ್ಟ ಕಡ್ಡಿಯಿಂದ ಜಗತ್ತು ಎಷ್ಟು ನಿರೀಕ್ಷಿಸುತ್ತದೆಂಬುದು ಇದರಿಂದ ವಿದಿತವಾಗುತ್ತದೆ.

ಪಾಲನೆ

ಬೆವರಿನ ಉಪ್ಪು ಮೊಳೆಯ ಬುಡದಲ್ಲಿ ಸೇರಿ ಸ್ಪ್ರಿಂಗನ್ನು ಬಿಗಿಯುತ್ತದೆ. ಆದುದರಿಂದ ಪಟ್ಟಿ ಬದಲಿಸಿದಾಗಲೆಲ್ಲ ಕಡ್ಡಿಗಳನ್ನೂ ಬದಲಿಸುವುದು ವಿವೇಕ. ಹೊಸದನ್ನು ಹಾಕುವ ಮುನ್ನ ಎರಡು ತುದಿಗಳನ್ನೂ ಒತ್ತಿ, ಮೊಳೆ ಚುರುಕಾಗಿ ಹಿಂದಿರುಗುವುದೇ ಎಂದು ನೋಡಬೇಕು. ಮೆತ್ತನೆಯ ಬಟ್ಟೆ ಹಾಸಿ, ಗಾಜು ಕೆಳಮುಖವಾಗಿರುವಂತೆ ಗಡಿಯಾರವನ್ನಿಟ್ಟು ಕೆಲಸ ಮಾಡಬೇಕು. ಸ್ಪ್ರಿಂಗ್ ಚಿಮ್ಮಿ ಕಣ್ಣಿಗೆ ತಗಲದಂತೆ ಬೆರಳನ್ನು ಅಡ್ಡವಿಡಬೇಕು. ಮೊಳೆ ರಂಧ್ರದಲ್ಲಿ ಕುಳಿತ ಸಣ್ಣ ಸದ್ದಾದ ಮೇಲೆ, ಬಟ್ಟೆಯ ಮೇಲೆಯೇ ಪಟ್ಟಿಯನ್ನು ಎರಡೂ ಕಡೆಗೆ ಹದವಾಗಿ ಎಳೆದು ಪರೀಕ್ಷಿಸಬೇಕು.

ಅಳೆದು ಆರಿಸುವುದು, ಹಾಕುವ ಮುನ್ನ ಪರೀಕ್ಷಿಸುವುದು, ಚಿಕ್ಕದೆಂದು ಕಡೆಗಣಿಸದಿರುವುದು: ಈ ಮೂರನ್ನು ಪಾಲಿಸಿದರೆ ಹಿರಿಯರ ಕೈಯಲ್ಲಿದ್ದ ಗಡಿಯಾರ ಮೊಮ್ಮಕ್ಕಳ ಕೈಯಲ್ಲಿಯೂ ಭದ್ರವಾಗಿ ಉಳಿಯುವುದು. ವಿಜ್ಞಾನದ ಉಪಾಧ್ಯಾಯರು ವರ್ನಿಯರ್ ಪಾಠದ ದಿನ ಒಂದು ಹಳೆಯ ಗಡಿಯಾರವನ್ನೂ ನಾಲ್ಕು ಕಡ್ಡಿಗಳನ್ನೂ ಮೇಜಿನ ಮೇಲಿಟ್ಟರೆ, ದಶಮಾಂಶದ ಒಂದು ಅಂಕಿಯ ಬೆಲೆಯೇನೆಂಬುದನ್ನು ವಿದ್ಯಾರ್ಥಿಗಳು ತಾವಾಗಿಯೇ ಅರಿಯುವರು.