ಕಾಕತಿಯ ಪಾಲಕರೂ ಆ ಫಾಲ್ಗುಣವೂ

ಆರು, ಏಳು, ಎಂಟನೆಯ ಇಯತ್ತೆಗಳ ಮಕ್ಕಳ ತಾಯಿತಂದೆಗಳಿಗೆ ಶಾಲೆಯ ಸಂಗತಿಗಳನ್ನು ತಿಳಿಯಪಡಿಸುವುದೂ ಅವರನ್ನು ಶಾಲೆಯ ಕಾರ್ಯದಲ್ಲಿ ಸಹಭಾಗಿಗಳನ್ನಾಗಿ ಇರಿಸಿಕೊಳ್ಳುವುದೂ ಜೂನ್ ತಿಂಗಳಲ್ಲಿ ಸುಲಭ, ದಸರೆ ದೀಪಾವಳಿಗಳ ತನಕ ಸಾಧ್ಯ, ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ದುಸ್ಸಾಧ್ಯ ಎಂಬುದು ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಮುಖ್ಯೋಪಾಧ್ಯಾಯನಾಗಿ ದುಡಿದ ಯಾರಿಗೂ ಹೊಸ ಮಾತಲ್ಲ. ಆ ಹೊತ್ತಿಗೆ ಕಾಕತಿಯ ಸುತ್ತಣ ಹೊಲಗಳಲ್ಲಿ ಕಬ್ಬು ಮುಗಿಯುತ್ತ ಬಂದಿರುತ್ತದೆ. ಕಡಿಯಲು ಹೋದ ಗ್ಯಾಂಗಿನವರು ಊರಿಗೆ ಮರಳುವರೋ, ಅತ್ತಲಿಂದತ್ತಲೇ ಖಾನಾಪುರದ ಕಡೆಯ ಇಟ್ಟಂಗಿ ಭಟ್ಟಿಗಳಿಗೆ ಹೋಗುವರೋ ತಿಳಿಯದು. ಹೊನಗಾದ ಕಾರಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ತಂದೆಯು ಮಕ್ಕಳು ಎದ್ದಿರುವಾಗ ಮಲಗಿರುತ್ತಾನೆ, ಮಕ್ಕಳು ಮಲಗಿದ ಮೇಲೆ ದುಡಿಯುತ್ತಿರುತ್ತಾನೆ. ತಾಯಿಯಾದರೋ ನಸುಕಿನಲ್ಲಿಯೇ ಕಾಯಿಪಲ್ಲೆಯ ಬುಟ್ಟಿಯೊಡನೆ ಟಂಟಂ ಹತ್ತಿ ಬೆಳಗಾವಿಯ ಪೇಟೆಗೆ ಹೋಗಿರುತ್ತಾಳೆ. ಇದರ ಮೇಲೆ ಮದುವೆಗಳು, ಜಾತ್ರೆಗಳು. ಹೀಗೆ ಪಾಲಕರು ಚದರಿ ಹೋಗುವ ಆ ಎರಡು ತಿಂಗಳುಗಳಲ್ಲಿಯೇ, ಎಂಟನೆಯ ಇಯತ್ತೆಯನ್ನು ಮುಗಿಸಿದ ಮಗುವು ಪ್ರೌಢಶಾಲೆಯ ಮೆಟ್ಟಿಲು ಹತ್ತುವುದೋ, ಹಿರಿಯರ ಹಿಂದೆ ದುಡಿಮೆಗೆ ಹೋಗುವುದೋ ಎಂಬ ನಿರ್ಧಾರವೂ ಮನೆಯಲ್ಲಿ ಆಗುತ್ತದೆ. ಆ ನಿರ್ಧಾರದ ಸಮಯದಲ್ಲಿ ಶಾಲೆಯ ಮಾತು ಮನೆಯೊಳಗೆ ಕೇಳಿಸದಿದ್ದರೆ, ಅದುವರೆಗಿನ ಪಾಠವು ಎಷ್ಟೇ ಉತ್ತಮವಾಗಿದ್ದರೂ ಅದರ ಫಲವು ಮಗುವಿಗೆ ದಕ್ಕದು.

ಪಾಲಕರನ್ನು ಶಾಲೆಯ ಆಡಳಿತದಲ್ಲಿ ಕೂಡಿಸಿಕೊಳ್ಳಬೇಕೆಂಬ ವಿಚಾರವು ನಮ್ಮ ನಾಡಿಗೆ ಅಪರಿಚಿತವಾದುದೇನಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯನ್ನನುಸರಿಸಿ 2001ರ ಏಪ್ರಿಲಿನಲ್ಲಿ ಕರ್ನಾಟಕ ಸರ್ಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಪ್ರಕರಣವು ಇಂತಹ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪಾಲಕರೇ ಇರತಕ್ಕದ್ದೆಂದೂ, ಸದಸ್ಯರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಾಗಿರತಕ್ಕದ್ದೆಂದೂ ವಿಧಿಸಿತು. ಕಿತ್ತೂರ ರಾಣಿ ಚೆನ್ನಮ್ಮ ಜನಿಸಿದ ಈ ಕಾಕತಿಯಲ್ಲಿ ಹೆಂಗಸರು ಸಭೆಗೆ ಬಂದು ಮಾತನಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬೇಕಾಗಿರುವುದು, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಸಭೆಯನ್ನು ಕರೆಯುವಷ್ಟು ವಿವೇಕ. ಹಗಲು ಹನ್ನೊಂದು ಗಂಟೆಗೆ ಕರೆದ ಸಭೆಗೆ ಕೂಲಿಯವರು ಬರಲಾರರು; ಅಂಥ ಸಭೆಯ ಠರಾವು ಪುಸ್ತಕವು ಸಹಿಗಾಗಿ ಮನೆಮನೆಗೆ ಹೋಗಿ ಬರುತ್ತದೆ, ಮಾತು ಮಾತ್ರ ಹೋಗುವುದಿಲ್ಲ.

2024ರ ಫಾಲ್ಗುಣ ಮಾಸದಲ್ಲಿ ನಮಗೆ ಬಂದೊದಗಿದ ಪ್ರಸಂಗವನ್ನು ನಾನು ಇಷ್ಟು ದಿನಗಳಾದ ಮೇಲೂ ಸಮಾಧಾನದಿಂದ ನೆನೆಯಲಾರೆ. ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆಯೆಂದು ಸರ್ಕಾರ ಸಾರಿತ್ತು. ಹಿಂದಿನ ವರ್ಷವೂ ಐದು ಮತ್ತು ಎಂಟನೆಯ ತರಗತಿಗಳಿಗೆ ಇಂಥದೇ ಪರೀಕ್ಷೆಯು ನ್ಯಾಯಾಲಯದ ಏಕಪೀಠದಲ್ಲಿ ಬಿದ್ದು, ವಿಭಾಗೀಯ ಪೀಠದಲ್ಲಿ ಎದ್ದು, 2023ರ ಮಾರ್ಚ್ 27ರಿಂದ ನಡೆದಿದ್ದಿತು. ಈ ಸಲವಾದರೋ ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಪರೀಕ್ಷೆಯ ಅಧಿಸೂಚನೆಗಳನ್ನು ರದ್ದುಪಡಿಸಿತು; ಮರುದಿನವೇ ವಿಭಾಗೀಯ ಪೀಠವು ಆ ತೀರ್ಪಿಗೆ ತಡೆ ನೀಡಿತು; 8ರಂದು ಮಹಾಶಿವರಾತ್ರಿ; 11ರಂದು, ಎಂದರೆ ಫಾಲ್ಗುಣ ಶುದ್ಧ ಪಾಡ್ಯದಂದು, ಪರೀಕ್ಷೆಯ ಆರಂಭ; 12ರಂದು ದಿಲ್ಲಿಯ ಸರ್ವೋಚ್ಚ ನ್ಯಾಯಾಲಯವು ವಿಭಾಗೀಯ ಪೀಠದ ಆ ತಡೆಯನ್ನೇ ತೆಗೆದುಹಾಕಿತು. ಎರಡು ದಿನ ಬರೆದ ಮಕ್ಕಳ ಪರೀಕ್ಷೆಯು ನಡುವೆಯೇ ನಿಂತುಹೋಯಿತು. ನ್ಯಾಯಾಲಯಗಳನ್ನು ನಾನು ದೂರುವುದಿಲ್ಲ. ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕಾದುದಿಲ್ಲವೆಂದು ಅದೇ ಶಿಕ್ಷಣ ಹಕ್ಕು ಕಾಯಿದೆಯ 30ನೆಯ ಪ್ರಕರಣವು ಹೇಳಿರುವಾಗ ವಾದವೇಳುವುದು ಸ್ವಾಭಾವಿಕ. ನನ್ನ ದೂರು ಬೇರೆ.

ಅಧಿಸೂಚನೆಗಳು ರದ್ದಾದ 6ರ ಸಂಜೆಯೇ ಪಾಲಕರಿಗೊಂದು ಚೀಟಿಯನ್ನು ಕಳುಹಲು ನಾನು ಸಿದ್ಧನಾಗಿದ್ದೆನು. ಇಂತಿಂಥ ದಿನ ಇಂತಿಂಥದು ಆಗಿದೆ, ಮುಂದಿನದು ನಿಶ್ಚಯವಾಗಿಲ್ಲ, ಏನೇ ಆದರೂ ಈ ಪರೀಕ್ಷೆಯ ಕಾರಣದಿಂದ ಎಂಟನೆಯ ತರಗತಿಯ ಮಗುವನ್ನು ಹಿಂದುಳಿಸುವುದಿಲ್ಲ ಎಂಬ ಮೂರು ಮಾತುಗಳು ಅದರಲ್ಲಿದ್ದವು. ಒಪ್ಪಿಗೆಗಾಗಿ ಮೇಲಿನ ಅಧಿಕಾರಿಯೊಬ್ಬರನ್ನು ಫೋನಿನಲ್ಲಿ ಕೇಳಿದೆ. “ಆದೇಶ ಕೈಗೆ ಬರೂತನಕ ಪಾಲಕರಿಗೆ ಏನೂ ಹೇಳಬ್ಯಾಡ್ರಿ, ಸುಮ್ಮನ ಗೊಂದಲ ಆಗತೈತಿ” ಎಂದು ಅವರು ಸಂಪರ್ಕವನ್ನು ಕಡಿದರು. ಗೊಂದಲವು ಹೇಳಿದ್ದರಿಂದ ಹುಟ್ಟುವುದಿಲ್ಲ, ಹೇಳದೆ ಇದ್ದುದರಿಂದ ಹುಟ್ಟುತ್ತದೆ ಎಂಬುದನ್ನು ಅಷ್ಟು ವರ್ಷ ಇಲಾಖೆಯಲ್ಲಿದ್ದ ಆ ಮಹನೀಯರು ತಿಳಿಯದೆ ಹೋದರು. 12ರ ರಾತ್ರಿ ಪರೀಕ್ಷೆ ಮುಂದೆ ಹೋದ ಸುದ್ದಿ ನಮ್ಮ ಫೋನುಗಳಿಗೆ ಬಂದಾಗ ಊರು ಮಲಗಿತ್ತು. ಪಾಲಕರ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿದೆವು. ಆದರೆ ಗುಂಪಿನಲ್ಲಿದ್ದ ಫೋನುಗಳು ಬಹುಮಟ್ಟಿಗೆ ತಂದೆಯರವು, ತಂದೆಯರು ಪಾಳಿಯಲ್ಲಿ.

ಮರುದಿನ, ಬುಧವಾರ, ಗೇಟು ತೆಗೆಯುವ ಮೊದಲೇ ಜನ ಕೂಡಿದ್ದರು. ಮಕ್ಕಳು ರಟ್ಟು, ಪೆನ್ನು ಹಿಡಿದು ಸಾಲಾಗಿ ನಿಂತಿದ್ದರು. ಯಾರೋ ಒಬ್ಬ ಹುಡುಗ ಕಂಪಾಸು ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದನು. ಹೊನಗಾದಿಂದ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದ ತಂದೆಯೊಬ್ಬನು ಕೆಂಪೇರಿದ ಕಣ್ಣುಗಳಿಂದ ನನ್ನನ್ನು ದಿಟ್ಟಿಸಿ, “ನೀವಽ ನಿನ್ನಿ ಐತಿ ಅಂದ್ರಿ, ಇವತ್ತ ಇಲ್ಲ ಅಂತೀರಿ. ಸಾಲಿ ನಡಸ್ತೀರೋ ಆಟ ಆಡ್ತೀರೋ?” ಎಂದು ಕೇಳಿದನು. ಅವನಿಗೆ ನಾನು ದಿಲ್ಲಿಯ ತೀರ್ಪನ್ನು ವಿವರಿಸುತ್ತಿರುವಾಗಲೇ ಗುಂಪನ್ನು ಸರಿಸಿಕೊಂಡು ಒಬ್ಬ ತಾಯಿ ಮುಂದೆ ಬಂದಳು. ಆಕೆ ಖಾನಾಪುರದಾಚೆಯ ಇಟ್ಟಂಗಿ ಭಟ್ಟಿಯಲ್ಲಿ ಗಂಡನೊಡನೆ ದುಡಿಯುತ್ತಿದ್ದಳು. ಎಂಟನೆಯ ಇಯತ್ತೆಯ ಮಗಳನ್ನು ಊರಲ್ಲಿ ಆಯಿಯ ಹತ್ತಿರ ಬಿಟ್ಟಿದ್ದಳು. ಪರೀಕ್ಷೆಯ ದಿನಗಳಲ್ಲಿ ಮಗಳಿಗೆ ರೊಟ್ಟಿ ಬಡಿದುಕೊಡಲೆಂದು ಪಗಾರವನ್ನು ಬಿಟ್ಟು ಬಂದಿದ್ದಳು. ಎಲೆಯಡಿಕೆಯ ಚಂಚಿಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿದಳು. ಅದು ನಾವೇ ಕೊಟ್ಟ ವೇಳಾಪತ್ರಿಕೆ. ಸುಣ್ಣದ ಕಲೆ ಹತ್ತಿದ್ದಿತು. ಆಕೆಯ ಉಗುರುಗಳ ಅಂಚಿನಲ್ಲಿ ಭಟ್ಟಿಯ ಕೆಮ್ಮಣ್ಣು ಒಣಗಿ ಕೂತಿದ್ದಿತು.

“ಗುರುಗಳ, ನನಗ ಓದಾಕ ಬರೂದಿಲ್ರಿ. ಇದರಾಗ ಐತಿ ಅಂತ ಹುಡುಗಿ ಹೇಳ್ಯಾಳ. ಇಲ್ಲ ಅಂದ್ರ ಯಾವಾಗ ಐತಿ, ಅದರ ಹೇಳ್ರಿ.”

ಯಾವಾಗ ಎಂಬುದು ನನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆಕೆಯ ಹಿಂದೆ ನಿಂತಿದ್ದ ಮುದುಕರು, ಹುಡುಗಿಯ ಅಜ್ಜ, ಆಗ ಬಾಯಿ ಹಾಕಿದರು. ಮುಂಬಯಿ ಪ್ರಾಂತದ ಕಾಲದಿಂದ ನಮ್ಮ ಕಡೆ ಏಳನೆಯ ಇಯತ್ತೆಗೆ ಮುಲ್ಕಿ ಪರೀಕ್ಷೆಯಿದ್ದಿತು. ಅದನ್ನು ದಾಟಿದವನು ಮಾಸ್ತರನಾಗಬಹುದಾಗಿತ್ತು, ದಾಟದವನು ಹೊಲಕ್ಕೆ ಮರಳುತ್ತಿದ್ದನು. ಬೋರ್ಡಿನ ಪರೀಕ್ಷೆಯೆಂದರೆ ಆ ಹಿರಿಯರ ಮನಸ್ಸಿನಲ್ಲಿ ಇಂದಿಗೂ ಮುಲ್ಕಿಯೇ. “ಮುಲ್ಕಿ ನಿಂತ್ರ ಸಾಲಿ ನಿಂತಂಗಽ. ಇನ್ನ ಹುಡುಗಿನ್ನ ಇಲ್ಲೆ ಯಾಕ ಇಡೂದು? ಕರಕೊಂಡ ಹೋಗು, ಸಣ್ಣ ಕೂಸಿನ್ನರ ಆಡಸ್ತಾಳ” ಎಂದು ಅವರು ಸೊಸೆಗೆ ಹೇಳಿದರು. ಎಂಟನೆಯದರಲ್ಲಿ ಯಾರನ್ನೂ ನಪಾಸು ಮಾಡುವುದಿಲ್ಲವೆಂದು ನಾನು ಕೈಮುಗಿದು ಹೇಳಿದೆ. ಆದರೆ ನಿನ್ನೆ ಹೇಳಿದ್ದು ಇಂದು ಸುಳ್ಳಾದ ಬಾಯಿಂದ ಬಂದ ಮಾತನ್ನು ಅವರು ಏಕೆ ನಂಬಬೇಕು? ಹುಡುಗಿಯು ಒಂದು ಮಾತನ್ನೂ ಆಡಲಿಲ್ಲ. ರಟ್ಟನ್ನು ತನ್ನ ಗೆಳತಿಯ ಕೈಗೆ ಕೊಟ್ಟು ತಾಯಿಯ ಹಿಂದೆ ಹೆದ್ದಾರಿಯ ಕಡೆಗೆ ನಡೆದಳು. ಆ ಬೆಳಿಗ್ಗೆ ಹೀಗೆ ಹೋದವರು ಅವರೊಬ್ಬರೇ ಅಲ್ಲ. ಬರೆದ ಚೀಟಿಯು ನನ್ನ ಮೇಜಿನ ಖಾನೆಯಲ್ಲಿಯೇ ಇದ್ದಿತು.

ಅಂದಿನಿಂದ ನಾನು ಅಪ್ಪಣೆಗೆ ಕಾಯಲಿಲ್ಲ. ಕಾಯದೆ ಮಾಡಿದ್ದರಲ್ಲಿ ನನಗೆ ಹೆಮ್ಮೆಯಿದೆ. ಮೊದಲ ಸೇವೆಯ ವರ್ಷಗಳನ್ನು ನಾನು ಖಾನಾಪುರ ತಾಲೂಕಿನ ಕಾಡಂಚಿನ ಊರುಗಳಲ್ಲಿ ಕಳೆದವನು. ಅಲ್ಲಿ ಸುದ್ದಿಯನ್ನು ಮುಟ್ಟಿಸಬೇಕಾದರೆ ನಡೆದು ಹೋಗಬೇಕು, ಹೋದಲ್ಲಿ ತಾಯಂದಿರೊಡನೆ ಮರಾಠಿಯಲ್ಲಿ ಮಾತನಾಡಬೇಕು ಎಂಬುದನ್ನು ಆಗಲೇ ಕಲಿತಿದ್ದೆನು. ಅದೇ ಪಾಠವು ಕಾಕತಿಯಲ್ಲಿ ಉಪಯೋಗಕ್ಕೆ ಬಂತು. ದೀಪ ಹಚ್ಚಿದ ಮೇಲೆ, ಹೆಂಗಸರು ಪೇಟೆಯಿಂದ ಮರಳಿ ಜೋಳ ಬೀಸಲು ಬರುವ ಹಿಟ್ಟಿನ ಗಿರಣಿಯ ಮುಂದೆ ನಾನೂ ಶಾಲೆಯ ಅಕ್ಕೋರೊಬ್ಬರೂ ನಿಲ್ಲತೊಡಗಿದೆವು. ಸ್ತ್ರೀಶಕ್ತಿ ಸಂಘದವರು ತಮ್ಮ ವಾರದ ಸಭೆಯಲ್ಲಿ ನಮಗೊಂದಿಷ್ಟು ಹೊತ್ತನ್ನು ಕೊಟ್ಟರು. ಹಾಲಿನ ಡೈರಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ, ಆ ದಿನದ ಸ್ಥಿತಿಯನ್ನು ಬರೆದು ಹಚ್ಚಿದೆವು. ಹೊಸದೇನೂ ಇಲ್ಲದ ದಿನ ಹೊಸದೇನೂ ಇಲ್ಲವೆಂದೇ ಬರೆದೆವು. ಈ ಕೊನೆಯದು ಎಲ್ಲಕ್ಕಿಂತ ಹೆಚ್ಚಿನ ಕೆಲಸ ಮಾಡಿತೆಂದು ನನಗೆ ತೋರುತ್ತದೆ, ಏಕೆಂದರೆ ನಾವು ಮುಚ್ಚಿಡುತ್ತಿಲ್ಲವೆಂಬುದು ಅದರಿಂದ ಊರಿಗೆ ಮನದಟ್ಟಾಯಿತು.

ಮಾರ್ಚ್ 22ರಂದು ವಿಭಾಗೀಯ ಪೀಠವು ಉಳಿದ ಪರೀಕ್ಷೆಗಳನ್ನು ನಡೆಸಲು ಅನುಮತಿ ಕೊಟ್ಟಿತು. 25ರಿಂದ 28ರ ತನಕ, ಹೋಳಿಯ ಹಲಗೆಯ ಸದ್ದಿನ ನಡುವೆ, ಅವು ನಡೆಯಬೇಕೆಂದು ಗೊತ್ತಾಯಿತು. ನಡುವೆ ಶನಿವಾರ, ರವಿವಾರ. ಊರಿನಲ್ಲಿದ್ದವರಿಗೆ ಸುದ್ದಿ ಆ ರಾತ್ರಿಯೇ ಮುಟ್ಟಿತು. ಶನಿವಾರ ನಾನು ಸಹೋದ್ಯೋಗಿಯೊಬ್ಬರ ಮೋಟರ್‌ಸೈಕಲ್ಲಿನ ಹಿಂದೆ ಕೂತು ಖಾನಾಪುರದಾಚೆಯ ಆ ಭಟ್ಟಿಗೆ ಹೋದೆನು. ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಹಸಿ ಇಟ್ಟಂಗಿಗಳನ್ನು ಮಗ್ಗುಲು ಬದಲಿಸಿ ಒಣಹಾಕುತ್ತಿದ್ದಳು. ತಂದೆಯು ಮೊದಲು ಒಪ್ಪಲಿಲ್ಲ. ಮತ್ತೆ ರದ್ದಾದರೆ ಏನೆಂದು ಕೇಳಿದನು. ಆಗಲೂಬಹುದು ಎಂದೆ. ರದ್ದಾದರೂ ಆಗದಿದ್ದರೂ ಒಂಬತ್ತನೆಯದಕ್ಕೆ ಹೋಗುವ ದಾಖಲೆಯು ಹುಡುಗಿಗೆ ಸಿಗುವುದೆಂದೂ, ಅದನ್ನು ತಾಯಿಯ ಕೈಯಲ್ಲಿಯೇ ಕೊಡುವೆನೆಂದೂ ಹೇಳಿದೆ. ತಾಯಿ ಚಂಚಿಯನ್ನು ಸಿಕ್ಕಿಸಿಕೊಂಡು ಎದ್ದು ನಿಂತಳು. ಸೋಮವಾರ ಹುಡುಗಿ ಪರೀಕ್ಷೆಗೆ ಕೂತಳು.

ನಾನು ಅಂದಂತೆಯೇ ಆಯಿತು. ಏಪ್ರಿಲ್ 8ರಂದು, ಫಾಲ್ಗುಣದ ಅಮಾವಾಸ್ಯೆಯಂದು, ನಾಳೆ ಯುಗಾದಿಯೆನ್ನುವಾಗ, ಫಲಿತಾಂಶಗಳನ್ನು ಸರ್ವೋಚ್ಚ ನ್ಯಾಯಾಲಯವು ತಡೆಹಿಡಿಯಿತು. ಆ ಸಂಜೆ ಗಿರಣಿಯ ಮುಂದೆ ನಿಂತು ಇದನ್ನು ಹೇಳಿದಾಗ ಯಾರೂ ನಮ್ಮ ಮೇಲೆ ಕೂಗಾಡಲಿಲ್ಲ. “ದಾಖಲಿ ಕೊಡ್ತೀರಲ್ರಿ, ಅಷ್ಟಾದ್ರ ಸಾಕು” ಎಂದು ಒಬ್ಬಾಕೆ ಅಂದು ಹಿಟ್ಟಿನ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಹೋದಳು. ಭಟ್ಟಿಯ ಹುಡುಗಿ ಜೂನಿನಲ್ಲಿ ಪ್ರೌಢಶಾಲೆಯನ್ನು ಸೇರಿದಳು. ಆದರೆ 13ರ ಬೆಳಿಗ್ಗೆ ಹೋದವರಲ್ಲಿ ಒಬ್ಬ ಹುಡುಗ ಮಾವನೊಡನೆ ಗೋವೆಗೆ ಹೋಗಿದ್ದನು. ಎಷ್ಟು ಸಲ ಹೇಳಿ ಕಳುಹಿಸಿದರೂ ಅವನು ಮರಳಲಿಲ್ಲ. ಮೇಜಿನ ಖಾನೆಯಲ್ಲಿ ಉಳಿದ ಆ ಚೀಟಿಯು ಸಕಾಲದಲ್ಲಿ ಅವನ ಮನೆಯನ್ನು ಮುಟ್ಟಿದ್ದರೆ ಅವನು ಹೋಗುತ್ತಿರಲಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಆ ಹೊಣೆಯು ಫೋನಿನಲ್ಲಿ ನನ್ನ ಬಾಯಿ ಕಟ್ಟಿದವರದು.

ಇನ್ನು ನನ್ನ ಸಹವೃತ್ತಿಗಳಿಗೆ ಎರಡು ಮಾತು. ಎಂಟನೆಯವರ ತಾಯಂದಿರನ್ನು ಶಿವರಾತ್ರಿಯ ಮೊದಲೇ ಒಂದು ರಾತ್ರಿ ಸೇರಿಸಿರಿ. ಮುಂದೆ ಯಾವ ಪ್ರೌಢಶಾಲೆ, ಬಸ್ಸು ಯಾವುದು, ಯಾವ ಕಾಗದಗಳು ಬೇಕು ಎಂಬುದು ಅಂದೇ ಮುಗಿಯಲಿ. ದೂರ ದುಡಿಯುವವರಿದ್ದರೆ ಅವರಿರುವ ಭಟ್ಟಿಯ ಊರನ್ನೂ, ಅಲ್ಲಿ ಫೋನುಳ್ಳ ಒಬ್ಬರ ನಂಬರನ್ನೂ ಜನವರಿಯಲ್ಲಿಯೇ ಬರೆದಿಟ್ಟುಕೊಳ್ಳಿರಿ. ಮನೆಮಾತು ಮರಾಠಿಯೋ ಉರ್ದುವೋ ಆಗಿದ್ದರೆ ಆ ಮಾತು ಬಲ್ಲ ಶಿಕ್ಷಕರನ್ನು ಜೊತೆಗೆ ಕರೆದೊಯ್ಯಿರಿ. ಮಿಕ್ಕುದು ನಿಮಗೆ ಗೊತ್ತಿದ್ದದ್ದೇ.

ಮೇಲಿನ ಕಚೇರಿಗಳಲ್ಲಿ ಕೂತವರಲ್ಲಿ ನನ್ನ ಬಿನ್ನಹವು ಒಂದೇ. ಪರೀಕ್ಷೆಯ ವಿಷಯದಲ್ಲಿ ಶಾಲೆಗೆ ಯಾವ ಆದೇಶವನ್ನು ಕಳುಹಿಸಿದರೂ, ಪಾಲಕರಿಗೆ ಓದಿ ಹೇಳಬಹುದಾದ ನಾಲ್ಕು ಸಾಲುಗಳನ್ನು ಅದರ ಜೊತೆಗೇ ಕಳುಹಿಸಿರಿ. ಕಳುಹಿಸಲು ಆಗದಿದ್ದರೆ, ನಮಗೆ ತಿಳಿದಷ್ಟನ್ನು ನಾವು ಹೇಳುವುದಕ್ಕೆ ಅಡ್ಡ ಬರಬೇಡಿರಿ.